ಹಿತ್ತಲ ಕಿಟಕಿಯ ಮೊದಲ ಚಕ್ಕುಲಿ

ಶಾಂತಲೆಗೆ ಒಂದು ಕಾಯಿಲೆಯಿತ್ತು. ಯಾವ ಡಾಕ್ಟರ ಹತ್ತಿರವೂ ಅದಕ್ಕೆ ಮದ್ದಿರಲಿಲ್ಲ. ಒಂದು ವಿಷಯ ಅರ್ಧ ಗೊತ್ತಾಯಿತೆಂದರೆ ಇನ್ನರ್ಧ ಗೊತ್ತಾಗುವವರೆಗೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಮದುವೆಯಾಗಿ ಯಲಹಂಕದ ಈ ಮನೆಗೆ ಬಂದ ಹೊಸದರಲ್ಲಿ, ಎದುರುಮನೆಯ ಯಜಮಾನರು ದಿನಾ ಬೆಳಿಗ್ಗೆ ಐದಕ್ಕೆ ತಾರಸಿ ಹತ್ತುವುದೇಕೆ ಎಂದು ತಿಳಿಯಲು ಒಂದು ವಾರ ನಾಲ್ಕೂವರೆಗೇ ಎದ್ದು ಕೂತಿದ್ದಳು. ಅವರು ಟ್ಯಾಂಕಿನ ನೀರು ನೋಡಲು ಹತ್ತುತ್ತಿದ್ದರು, ಅಷ್ಟೇ. "ನಮ್ಮ ಸೊಸೇನ ಪೊಲೀಸ್ ಸ್ಟೇಷನ್‌ಗೆ ಸೇರಿಸಿದ್ರೆ ಯಲಹಂಕದಲ್ಲಿ ಕಳ್ಳರೇ ಇರ್ತಿರ್ಲಿಲ್ಲ" ಎಂದು ಮಾವ ಚಿಕ್ಕಹನುಮಯ್ಯ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

ಅಂಥ ಶಾಂತಲೆ ಈ ಸಲದ ದೀಪಾವಳಿಗೆ ಹನ್ನೆರಡು ದಿನ ಇರುವಾಗ ಉಪ್ಪಿನ ಬೆನ್ನು ಹತ್ತಿದ್ದಳು.

ಪುಟ್ಟೇನಹಳ್ಳಿ ಕೆರೆಯ ಕಡೆಗೆ ಹೋಗುವ ರಸ್ತೆಯಲ್ಲಿ ಅವರದೊಂದು ಕಾಂಡಿಮೆಂಟ್ಸ್ ಅಂಗಡಿ. ರಾಗಿ ಬೆಳೆಯುತ್ತಿದ್ದ ಜಮೀನು ಲೇಔಟ್ ಆದಮೇಲೆ, ಕೈ ಕಟ್ಟಿ ಕೂರಲಾರದೆ ಅತ್ತೆ ವೆಂಕಟಲಕ್ಷ್ಮಮ್ಮ ಶುರುಮಾಡಿದ್ದು. ಅತ್ತೆ ಈಗ ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಯಲ್ಲಿ ಹಾರ ಹಾಕಿಸಿಕೊಂಡು ಕೂತಿದ್ದಾರೆ. ಅವರು ಹೋದರೂ ಅವರು ಮಾಡಿದ ಕಟ್ಟಳೆ ಹೋಗಿರಲಿಲ್ಲ. ಜನ ಗೋಕುಲಾಷ್ಟಮಿಗೆ, ದೀಪಾವಳಿಗೆ ಇಲ್ಲಿಂದ ಚಕ್ಕುಲಿ ಒಯ್ದು ದೇವರ ಮುಂದೆ ಇಡುತ್ತಾರೆ; ಹಾಗಾಗಿ ಅಡುಗೆಮನೆಯ ಹೊಸ್ತಿಲೊಳಗೆ ಯಾರೂ ಯಾವುದನ್ನೂ ಬಾಯಿಗೆ ಹಾಕಿಕೊಂಡು ರುಚಿ ನೋಡುವಂತಿಲ್ಲ. ಎಂಜಲಾಗಬಾರದು. ಯಲಹಂಕದ ಅರ್ಧ ಊರು ಈ ಅಂಗಡಿಯನ್ನು ನಂಬುತ್ತಿದ್ದದ್ದೇ ಈ ಒಂದು ಮಾತಿಗೆ.

ಹಿಟ್ಟು ಕಲಸಿ ಕರಿಯುವ ವರಲಕ್ಷ್ಮಮ್ಮನ ಕೈಯಲ್ಲಿ ಇಪ್ಪತ್ತು ವರ್ಷ ಆ ನಂಬಿಕೆಗೆ ಕುಂದು ಬಂದಿರಲಿಲ್ಲ. ಈಗ ಒಂದು ತಿಂಗಳಿಂದ ಚಕ್ಕುಲಿಯ ಹಣೆಬರಹವೇ ಕೆಟ್ಟಿತ್ತು. ಒಂದು ದಿನ ಸಪ್ಪೆ, ಇನ್ನೊಂದು ದಿನ ಸಮುದ್ರದ ನೀರು. ತಣಿಸಂದ್ರದ ಒಂದು ಅಪಾರ್ಟ್‌ಮೆಂಟಿನವರು ಹಬ್ಬಕ್ಕೆ ನಾನೂರು ಡಬ್ಬಿ ಬೇಕೆಂದಿದ್ದರು. ಸ್ಯಾಂಪಲ್ ತಿಂದು, "ಇದು ಹತ್ತಿ ತಿಂದ ಹಾಗಿದೆ, ಶುಕ್ರವಾರ ಇನ್ನೊಂದು ಸಲ ಕಳಿಸಿ, ಆಗಲೂ ಹೀಗೇ ಇದ್ದರೆ ಬೇರೆ ಕಡೆ ನೋಡ್ಕೋತೀವಿ" ಎಂದು ಮರ್ಯಾದೆಯಾಗಿಯೇ ಹೇಳಿದರು.

ಶಾಂತಲೆಯ ಗಂಡ ಸತೀಶ್ ಮೊದಲು ಹಿಟ್ಟಿನ ಗಿರಣಿಯವನನ್ನು ಬೈದ. ಆಮೇಲೆ ಬೆಣ್ಣೆಯವನನ್ನು ಬೈದ. ಆಮೇಲೆ ತಕ್ಕಡಿ ತಂದು, ಇಷ್ಟು ಹಿಟ್ಟಿಗೆ ಇಷ್ಟು ಉಪ್ಪು ಎಂದು ಚೀಟಿ ಬರೆದು ಗೋಡೆಗೆ ಅಂಟಿಸಿದ. ಚೀಟಿ ಅಂಟಿಸಿದ ದಿನವೇ ಚಕ್ಕುಲಿಗೆ ಎರಡು ಪಾಲು ಉಪ್ಪು ಬಿತ್ತು.

"ವರಲಕ್ಷ್ಮಮ್ಮನವರಿಗೆ ರೆಸ್ಟ್ ಕೊಡೋಣ ಕಣೆ," ಎಂದ ಅವನು ಅವತ್ತು ಊಟದ ಹೊತ್ತಿಗೆ. "ಪಾಪ, ಗಂಡ ಹೋಗಿ ಇನ್ನೂ ಎರಡು ತಿಂಗಳಾಗಿಲ್ಲ. ಶುಕ್ರವಾರದ ಸ್ಯಾಂಪಲ್ ಸರಿಹೋಗ್ಲಿಲ್ಲ ಅಂದ್ರೆ ಶನಿವಾರದಿಂದ ಪ್ಯಾಕಿಂಗ್ ಮೇಜಿಗೆ ಕೂರಿಸ್ತೀನಿ. ಬಾಣಲೆಗೆ ರಾಜಾನುಕುಂಟೆಯಿಂದ ಯಾರನ್ನಾದ್ರೂ ಕರೆಸ್ತೀನಿ."

ಸತೀಶ್ ಕೆಟ್ಟವನಲ್ಲ. ವರಲಕ್ಷ್ಮಮ್ಮನ ಗಂಡ ಪಿಳ್ಳಣ್ಣ ತೀರಿಕೊಂಡಾಗ ಅಂಗಡಿ ಮುಚ್ಚಿ, ಹಾರ ತಗೊಂಡು ಹೋಗಿ, ಹೆಗಲೂ ಕೊಟ್ಟು ಬಂದವನು. ಆದರೆ ಈ 'ಪಾಪ' ಅನ್ನುವ ಮಾತು ಇದೆಯಲ್ಲ, ಅದನ್ನು ನಂಬಬಾರದು. ಕೆಲಸದ ಜಾಗದಲ್ಲಿ ಪಾಪ ಅಂದವರು ಆಮೇಲೆ ಮಾಡುವ ಮೊದಲ ಕೆಲಸ, ದುಃಖದಲ್ಲಿರುವವರನ್ನು ತಮ್ಮ ಕಣ್ಣಿಗೆ ಬೀಳದ ಮೂಲೆಯಲ್ಲಿ ಕೂರಿಸುವುದು. ಹಬ್ಬದ ಸೀಸನ್ನಿನಲ್ಲಂತೂ ಆ ಮೂಲೆಗೆ ರೆಸ್ಟ್ ಎಂದು ಹೆಸರು.

ಶಾಂತಲೆಗೆ ಪಾಪ ಅನ್ನಿಸುವುದಕ್ಕಿಂತ ಮೊದಲು ಪ್ರಶ್ನೆ ಹುಟ್ಟಿತು. ದುಃಖದಲ್ಲಿರುವವರ ಕೈ ತಪ್ಪುತ್ತದೆ, ಸರಿ. ಉಪ್ಪು ಹಾಕಿದೆನೋ ಇಲ್ಲವೋ ಮರೆತುಹೋಗುತ್ತದೆ, ಅದೂ ಸರಿ. ಆದರೆ ಇಪ್ಪತ್ತು ವರ್ಷದಲ್ಲಿ ಆ ಕೈ ಒಮ್ಮೆಯೂ ತಪ್ಪಿರಲಿಲ್ಲವೇ? ವರಲಕ್ಷ್ಮಮ್ಮನಿಗೆ ಜ್ವರ ಬಂದಿಲ್ಲವೇ, ತಲೆನೋವು ಬಂದಿಲ್ಲವೇ, ಮಗಳ ಹೆರಿಗೆಯ ಚಿಂತೆ ಇರಲಿಲ್ಲವೇ? ಯಾರೂ ರುಚಿಯೇ ನೋಡದ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ಉಪ್ಪು ಸರಿಯಾಗಿದ್ದದ್ದು ಹೇಗೆ?

ಮಾರನೆಯ ದಿನ ಬುಧವಾರ. ಅವಳು ಸೆರಗು ಸಿಕ್ಕಿಸಿ ಅಡುಗೆಮನೆಗೆ ಹೋಗಿ ಒಂದು ಸ್ಟೂಲು ಹಾಕಿಕೊಂಡು ಕೂತಳು. ಚಕ್ಕುಲಿ ಒರಳು ಒತ್ತುವ ದ್ರೌಪದಮ್ಮ ಹುಬ್ಬೇರಿಸಿದಳು. ವರಲಕ್ಷ್ಮಮ್ಮ ಹಿಟ್ಟು ಕಲಸುತ್ತಿದ್ದಳು. ಐವತ್ತು ದಾಟಿದ ಗಟ್ಟಿ ಹೆಂಗಸು. ಮೊದಲೆಲ್ಲ ಹಿಟ್ಟಿನ ಜೊತೆಗೂ ಜಗಳ ಆಡುತ್ತ ನಾದುತ್ತಿದ್ದವಳು ಈಗ ಮಾತಿಲ್ಲದೆ ನಾದುತ್ತಿದ್ದಳು. ಎಣ್ಣೆ ಕಾಯಿತು. ದ್ರೌಪದಮ್ಮ ಒತ್ತಿಕೊಟ್ಟ ಮೊದಲ ಚಕ್ಕುಲಿಯೊಂದನ್ನೇ ಬಾಣಲೆಗೆ ಬಿಟ್ಟು, ಕೆಂಪಗಾದಮೇಲೆ ಜಾಲರಿಯಲ್ಲಿ ಎತ್ತಿ, ಒಂದು ಕಾಗದದ ಚೂರಿನ ಮೇಲೆ ಹಾಕಿ ಹಿತ್ತಲ ಕಿಟಕಿಯ ಕಟ್ಟೆಯ ಮೇಲಿಟ್ಟಳು.

ಆಮೇಲೆ ಏನೂ ಮಾಡಲಿಲ್ಲ. ಜಾಲರಿ ಹಿಡಿದು ಕಿಟಕಿಯ ಕಡೆ ನೋಡುತ್ತ ನಿಂತಳು. ಎಣ್ಣೆ ಹೊಗೆಯಾಡತೊಡಗಿತು. ದ್ರೌಪದಮ್ಮ ಒರಳನ್ನು ಒರೆಸಿದ್ದೇ ಒರೆಸಿದಳು. ಹತ್ತು ನಿಮಿಷ ಕಳೆದಿರಬೇಕು. ಕೊನೆಗೆ ವರಲಕ್ಷ್ಮಮ್ಮ ಎಚ್ಚರಾದವಳ ಹಾಗೆ ತಿರುಗಿ, ಬೆಂಕಿ ತಗ್ಗಿಸಿ, "ಒತ್ತು" ಎಂದಳು. ಒಬ್ಬೆ ಮೇಲೆ ಒಬ್ಬೆ ಬೇಯತೊಡಗಿತು.

"ಅದು ಯಾರಿಗೆ?" ಎಂದು ಶಾಂತಲೆ ದ್ರೌಪದಮ್ಮನ ಕಿವಿಯಲ್ಲಿ ಕೇಳಿದಳು.

"ಕೇಳ್ಬೇಡಿ ಅಕ್ಕ," ಎಂದಳು ದ್ರೌಪದಮ್ಮ.

ಶಾಂತಲೆಗೆ ಕೇಳಬೇಡ ಅನ್ನುವುದು ಬೆಂಕಿಗೆ ತುಪ್ಪ ಹೊಯ್ದ ಹಾಗೆ. ಅಂಗಡಿ ಸುತ್ತಿಕೊಂಡು ಹಿಂದಿನ ಗಲ್ಲಿಗೆ ಹೋದಳು. ಕಿಟಕಿಯ ಹೊರಗೆ ಸಿಮೆಂಟಿನ ನೆಲದ ಮೇಲೆ ಹಳೆಯ ಎಂಜಿನ್ ಆಯಿಲ್ಲಿನ ಕಲೆ. ಪಿಳ್ಳಣ್ಣನ ಗೂಡ್ಸ್ ಆಟೋ ನಿಲ್ಲುತ್ತಿದ್ದ ಜಾಗ. ಅಂಗಡಿಯ ಮಾಲನ್ನು ಹೆಬ್ಬಾಳ, ಆರ್.ಟಿ. ನಗರದವರೆಗೆ ಸಾಗಿಸುತ್ತಿದ್ದವನು ಅವನೇ. ಈಗ ಬಾಡಿಗೆ ವ್ಯಾನು ಮುಂದಿನ ರಸ್ತೆಗೇ ಬರುತ್ತದೆ, ಈ ಗಲ್ಲಿಗೆ ಯಾರೂ ಬರುವುದಿಲ್ಲ. ಕಿಟಕಿಯ ಐದು ಕಂಬಿಗಳಲ್ಲಿ ನಾಲ್ಕಕ್ಕೆ ಧೂಳು ಹಿಡಿದಿತ್ತು. ನಡುವಿನ ಒಂದು ಕಂಬಿ ಮಾತ್ರ ಎದೆಮಟ್ಟದಲ್ಲಿ ಒಂದು ಗೇಣು ಉದ್ದ ಕಪ್ಪಗೆ, ನುಣ್ಣಗೆ ಹೊಳೆಯುತ್ತಿತ್ತು. ಎಣ್ಣೆಕೈಯಲ್ಲಿ ವರ್ಷಗಟ್ಟಲೆ ಹಿಡಿದ ಹೊಳಪು ಅದು. ಶಾಂತಲೆ ಆ ಜಾಗಕ್ಕೆ ಕೈಯಿಟ್ಟು ನೋಡಿದಳು. ಕೈ ಸರಿಯಾಗಿ ಕೂತಿತು.

ಮಾವನನ್ನು ಕೇಳಿದಾಗ ಅವರು ಕಣ್ಣು ಒರೆಸಿಕೊಂಡೇ ನಕ್ಕರು. "ಪಿಳ್ಳಣ್ಣನಾ? ಹೊಟ್ಟೆಬಾಕ ಕಣಮ್ಮ. ಹಿಟ್ಟು ಕಲಸಿದಾಗಲೆಲ್ಲ ಮೊದಲ ಚಕ್ಕುಲಿ ಅವನಿಗೇ ಆಗ್ಬೇಕು. ಕಿಟಕಿ ಹತ್ರ ನಿಂತ್ಕೊಂಡು ತಿಂದೇ ಗಾಡಿ ಸ್ಟಾರ್ಟ್ ಮಾಡ್ತಿದ್ದ. ನಿಮ್ಮತ್ತೆ ನೋಡಿದ್ರೂ ಬೈತಿರ್ಲಿಲ್ಲ. ಹೊರಗಡೆ ತಾನೇ ತಿನ್ನೋದು, ತಿನ್ಲಿ ಬಿಡು ಅಂತಿದ್ಲು."

ಶಾಂತಲೆ ಮತ್ತೆ ದ್ರೌಪದಮ್ಮನ ಬಳಿಗೆ ಓಡಿದಳು. "ತಿಂದ್ಮೇಲೆ ಅವರು ಏನಂತಿದ್ರು?"

"ಏನೂ ಅಂತಿರ್ಲಿಲ್ಲ ಅಕ್ಕ. ಪೂರ್ತಿ ತಿಂದು ಹೊರಟೋಗ್ತಿದ್ರು. ಒಂದೊಂದ್ ಸಲ ಒಂದು ತುಂಡು ಕಡಿದು, 'ಇನ್ನೊಂದ್ ಚಿಟಿಕೆ' ಅಂತ ಉಳಿದದ್ದನ್ನ ಕಟ್ಟೆ ಮೇಲಿಡೋರು. ಆಗ ವರಲಕ್ಷ್ಮಕ್ಕ ಹಿಟ್ಟಿಗೆ ಉಪ್ಪುನೀರು ಚಿಮುಕಿಸಿ ಮತ್ತೆ ನಾದೋಳು. ಗಂಡ ಹೆಂಡ್ತಿ ಮಾತು ಅಂತ ನಾವ್ಯಾರೂ ತಲೆ ಹಾಕ್ತಿರ್ಲಿಲ್ಲ." ದ್ರೌಪದಮ್ಮ ದನಿ ತಗ್ಗಿಸಿದಳು. "ಈಗ್ಲೂ ದಿನಾ ಕಾಯ್ತಾಳೆ ಅಕ್ಕ. ಚಕ್ಕುಲೀನ ಅಳಿಲು ಒಯ್ಯುತ್ತೆ."

ಇನ್ನರ್ಧ ಗೊತ್ತಾಯಿತು. ಗೊತ್ತಾದ ಕೂಡಲೇ ಊಟ ಸೇರಬೇಕಿತ್ತು, ಸೇರಲಿಲ್ಲ. ಇಪ್ಪತ್ತು ವರ್ಷ ಈ ಅಂಗಡಿಯ ಹೆಸರು ಉಳಿಸಿದ್ದು ಹೊಸ್ತಿಲಾಚೆ ನಿಂತಿದ್ದ ಒಬ್ಬ ಆಟೋ ಡ್ರೈವರನ ನಾಲಿಗೆ. ಊರೆಲ್ಲ ಅವನನ್ನು ಹೊಟ್ಟೆಬಾಕ ಎಂದಿತ್ತು. ತಾನೂ ಎಂದಿದ್ದಳು. 'ಪಿಳ್ಳಣ್ಣ, ಡೀಸೆಲ್ ಹಾಕೋದು ಗಾಡಿಗೋ ಹೊಟ್ಟೆಗೋ' ಎಂದು ಮೊನ್ನೆ ಗೌರಿಹಬ್ಬದಲ್ಲೂ ಗೇಲಿ ಮಾಡಿದ್ದಳು. ಅವನು ಹಲ್ಲು ಬಿಟ್ಟು ನಕ್ಕಿದ್ದ. ಅದಾಗಿ ಹತ್ತು ದಿನಕ್ಕೆ ಎದೆನೋವೆಂದು ಮಲಗಿದವನು ಏಳಲಿಲ್ಲ.

ಗುರುವಾರ ಸಂಜೆ, ಸತೀಶ್ ಹೇಳಲು ಹಿಂಜರಿದದ್ದನ್ನು ಅವಳೇ ವರಲಕ್ಷ್ಮಮ್ಮನಿಗೆ ಹೇಳಬೇಕಾಯಿತು. ಪ್ಯಾಕಿಂಗ್ ಮೇಜಿನ ಮಾತು ಕೇಳಿ ವರಲಕ್ಷ್ಮಮ್ಮ ಬಹಳ ಹೊತ್ತು ಕೈಯ ಹಿಟ್ಟನ್ನು ಉಜ್ಜಿ ಉದುರಿಸಿದಳು.

"ಮನೇಲಿ ಬಾಣಲೆ ಬೋರಲಾಕಿವ್ನಿ ಕಣವ್ವ," ಎಂದಳು. "ವರ್ಷ ತುಂಬೋಗಂಟ ನಮ್ಮನೇಲಿ ಹಬ್ಬಕ್ಕೆ ಬಾಣಲೆ ಇಕ್ಕಂಗಿಲ್ಲ. ಯಾರಾರ ತಂದ್ಕೊಟ್ರೆ ತಿನ್ನಬೋದು, ನಾವು ಕರಿಯಂಗಿಲ್ಲ. ಇಲ್ಲಿಗ್ ಬಂದ್ರೆ ಬಾಣಲೆ ಐತೆ, ಕಿಟಕಿ ಐತೆ. ಮೊದಲ್ನೇ ಚಕ್ಕುಲಿ ಇಟ್ಟಾಗ ಅವ್ರು ಬರೋ ಟೇಮಾಯ್ತು ಅಂತ ಒಂದು ಒತ್ತಾದ್ರೂ ಇರ್ತದೆ. ಮನೇಲಿ ಅಂಥ ಒತ್ತೇ ಇಲ್ಲ. ಪ್ಯಾಕಿಂಗ್ ಮೇಜಿಗೆ ಯಾವ ಕಿಟಕಿ ಐತೆ, ನೀನೇ ಯೋಳು."

ಶಾಂತಲೆ ಹಿತ್ತಲ ಕಿಟಕಿಯ ಕಡೆ ಒಮ್ಮೆ ನೋಡಿ ಎದ್ದು ಬಂದಳು.

ಶುಕ್ರವಾರ ಬೆಳಿಗ್ಗೆ ಸ್ಯಾಂಪಲ್ಲಿನ ಹಿಟ್ಟು. ಸತೀಶ್ ಗಲ್ಲಾಪೆಟ್ಟಿಗೆಯ ಬಳಿ ಡಬ್ಬಿ ಇಟ್ಟುಕೊಂಡು, ಹತ್ತು ಗಂಟೆಯ ಒಳಗೆ ತಣಿಸಂದ್ರ ಮುಟ್ಟಬೇಕೆಂದು ಗಡಿಯಾರ ನೋಡುತ್ತಿದ್ದ. ವರಲಕ್ಷ್ಮಮ್ಮ ಎಂದಿನಂತೆ ಮೊದಲ ಚಕ್ಕುಲಿಯನ್ನು ಕಟ್ಟೆಯ ಮೇಲಿಟ್ಟು ನಿಂತಳು. ಈ ಸಲ ಕಿಟಕಿಯ ಆಚೆ ಶಾಂತಲೆ ನಿಂತಿದ್ದಳು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಇನ್ನೊಬ್ಬರ ಜಾಗದಲ್ಲಿ ನಿಲ್ಲುವುದು ಸಣ್ಣ ಮಾತಲ್ಲ, ಸತ್ತವರ ಜಾಗದಲ್ಲಿ ನಿಲ್ಲುವುದಂತೂ ಅಧಿಕಪ್ರಸಂಗವೇ. ಶಾಂತಲೆ ನಡುವಿನ ಕಂಬಿಯನ್ನು ಬೇಕೆಂತಲೇ ಹಿಡಿಯಲಿಲ್ಲ. ಪಕ್ಕದ ಕಂಬಿ ಹಿಡಿದು, "ನಾನು ತಿನ್ಲಾ ಅಕ್ಕ?" ಎಂದಳು.

ವರಲಕ್ಷ್ಮಮ್ಮ ಕಾಗದದ ಚೂರನ್ನು ಕಂಬಿಯ ಕಡೆಗೆ ಒಂದಿಷ್ಟು ಸರಿಸಿದಳು.

ಶಾಂತಲೆ ಒಂದು ತುಂಡು ಕಡಿದಳು. ಗರಿಗರಿ ಆಗಿತ್ತು, ಎಳ್ಳಿನ ಘಮ ಇತ್ತು, ಉಪ್ಪು ಒಂದು ಹರಳೂ ಇರಲಿಲ್ಲ. ಪಕ್ಕಾ ಸಪ್ಪೆ. ಇದು ತಣಿಸಂದ್ರಕ್ಕೆ ಹೋದರೆ ನಾಳೆಯಿಂದ ಈ ಹೆಂಗಸು ಪ್ಯಾಕಿಂಗ್ ಮೇಜಿಗೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಜಾಲರಿ ಹಿಡಿದು ಕಾಯುತ್ತಿದ್ದ ಆ ಮುಖ ನೋಡಿ, ಉಪ್ಪು ಮರೆತಿದ್ದೀರಿ ಅನ್ನಲು ಬಾಯಿ ಬರಲಿಲ್ಲ.

"ಚೆನ್ನಾಗಿದೆ ಅಕ್ಕ," ಎಂದಳು.

ವರಲಕ್ಷ್ಮಮ್ಮ ಅವಳನ್ನೇ ನೋಡಿದಳು. "ಚೆಂದಾಗಿದ್ರೆ ಇನ್ನರ್ಧ ಯಾಕವ್ವ ಕೈಲೈತೆ?"

ಶಾಂತಲೆ ಕಳ್ಳಿಯ ಹಾಗೆ ಕೈ ಹಿಂದೆ ಮಾಡಿದಳು.

"ಇಪ್ಪತ್ತು ವರ್ಸದಾಗೆ ಅವ್ರು ಒಂದಿನಾನೂ ಚೆಂದಾಗೈತೆ ಅಂದೋರಲ್ಲ. ಚೆಂದಾಗಿದ್ರೆ ಬಾಯಿ ತುಂಬಾ ಇರ್ತಿತ್ತು, ಮಾತೆಲ್ಲಿಂದ ಬರ್ಬೇಕು? ಕನಿಕರಕ್ಕೆ ಯೋಳ್ಬ್ಯಾಡ ತಾಯಿ. ಎಲ್ರೂ ಕನಿಕರಕ್ಕೇ ಮಾತಾಡ್ತಾವ್ರೆ ನನ್ನತ್ರ. ಏನು ಕಮ್ಮಿ, ನಿಜ ಯೋಳು."

"ಉಪ್ಪೇ ಇಲ್ಲ ಅಕ್ಕ," ಎಂದಳು ಶಾಂತಲೆ. "ಒಂಚೂರೂ ಇಲ್ಲ."

ವರಲಕ್ಷ್ಮಮ್ಮ ಗೋಡೆಯ ಮೇಲಿನ ಚೀಟಿ ನೋಡಿ, ತಕ್ಕಡಿ ನೋಡಿದಳು. ತಕ್ಕಡಿಯ ತಟ್ಟೆಯಲ್ಲಿ ತೂಗಿಟ್ಟ ಉಪ್ಪು ಹಾಗೇ ಇತ್ತು. ತೂಕವೇನೋ ಸರಿಯಾಗಿತ್ತು, ಹಿಟ್ಟಿಗೆ ಬಿದ್ದಿರಲಿಲ್ಲ. ಅವಳಿಗೆ ನಗು ಬಂತು. ದ್ರೌಪದಮ್ಮನಿಗೂ ಬಂತು. ನಗುತ್ತ ನಗುತ್ತ ವರಲಕ್ಷ್ಮಮ್ಮ ಕೆಳಗೆ ಕೂತು, ಸೆರಗು ಬಾಯಿಗೆ ಹಿಡಿದು ಅತ್ತಳು. ಮಣ್ಣು ಮಾಡಿದ ದಿನವೂ ನೆಂಟರಿಗೆ ಕಾಫಿ ಆಯಿತೇ ಎಂದು ವಿಚಾರಿಸುತ್ತ ಓಡಾಡಿದವಳು ಈಗ ಅತ್ತಳು. ದ್ರೌಪದಮ್ಮ ಎರಡೂ ಒಲೆ ಆರಿಸಿ ಪಕ್ಕದಲ್ಲಿ ಕೂತಳು.

ಒಲೆಯ ಸದ್ದು ನಿಂತದ್ದು ಕೇಳಿ ಸತೀಶ್ ಓಡಿ ಬಂದ. "ಏನಾಯ್ತು? ಹತ್ತು ಗಂಟೆಗೆ..." ಎಂದು ಬಾಯಿ ತೆರೆದವನಿಗೆ ಕಿಟಕಿಯ ಆಚೆಯಿಂದ ಹೆಂಡತಿ ಕೈ ಅಡ್ಡ ಹಿಡಿದಳು.

"ಕಾಲು ಗಂಟೆ ಕಣ್ರೀ. ಹತ್ತೂಕಾಲಿಗೆ ಹೋಗ್ಲಿ."

"ಕಾಲು ಗಂಟೇಲಿ ಎರಡು ಒಬ್ಬೆ ತೆಗೀಬೋದಿತ್ತಲ್ಲೇ."

"ಎರಡು ಒಬ್ಬೆ ಸಪ್ಪೆ ಚಕ್ಕುಲಿ ತೆಗೀತಿದ್ರಿ," ಎಂದಳು ಶಾಂತಲೆ. ಅವನಿಗೆ ಪಿಳ್ಳಣ್ಣನ ಕಥೆಯನ್ನು ಕಿಟಕಿಯಲ್ಲೇ ನಿಂತು ಹೇಳಿದಳು. ಸತೀಶ್ ಆ ನುಣ್ಣನೆಯ ಕಂಬಿ ನೋಡಿದ, ಗೋಡೆಯ ಚೀಟಿ ನೋಡಿದ. ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡು ಹೋದ.

ಕಾಲು ಗಂಟೆಯಾದ ಮೇಲೆ ವರಲಕ್ಷ್ಮಮ್ಮ ತಾನೇ ಎದ್ದು ಮುಖ ತೊಳೆದು, ಹಿಟ್ಟಿಗೆ ಉಪ್ಪುನೀರು ಚಿಮುಕಿಸಿ, ಬಹಳ ದಿನದ ಮೇಲೆ ಅದರ ಜೊತೆ ಜಗಳ ಆಡುತ್ತ ನಾದಿದಳು. ಇನ್ನೊಂದು ಚಕ್ಕುಲಿ ಕಟ್ಟೆಗೆ ಬಂತು. ಶಾಂತಲೆ ತುಟಿ ಬಿಚ್ಚದೆ ಪೂರ್ತಿ ತಿಂದಳು. ಕೊನೆಯ ತುಂಡನ್ನು ತೋರಿಸಿಯೇ ಬಾಯಿಗೆ ಹಾಕಿಕೊಂಡಳು. "ಒತ್ತು" ಎಂದಳು ವರಲಕ್ಷ್ಮಮ್ಮ.

ಸ್ಯಾಂಪಲ್ ಪಾಸಾಗಿ ನಾನೂರು ಡಬ್ಬಿಯೂ ತಣಿಸಂದ್ರಕ್ಕೆ ಹೋಯಿತು. ಹಬ್ಬದವರೆಗೆ ಹಿಟ್ಟು ಕಲಸಿದಾಗಲೆಲ್ಲ ಒಲೆ ತಗ್ಗುತ್ತಿತ್ತು, ಒಂದಷ್ಟು ಹೊತ್ತು ಯಾರೂ ಯಾರನ್ನೂ ಅವಸರ ಮಾಡುತ್ತಿರಲಿಲ್ಲ. "ಗಾಣದ ಎತ್ತಿಗೂ ನೀರು ಕುಡಿಸೋ ಹೊತ್ತು ಅಂತ ಇರುತ್ತಪ್ಪ" ಎಂದು ಚಿಕ್ಕಹನುಮಯ್ಯ ಮಗನಿಗೆ ಹೇಳಿದರು. ಕಟ್ಟೆಯ ಮೇಲೆ ಈಗ ಎರಡು ಚಕ್ಕುಲಿ ಬರುತ್ತಿದ್ದವು. ಒಂದು ಶಾಂತಲೆಗೆ. ಇನ್ನೊಂದು ಯಾರಿಗೆಂದು ಶಾಂತಲೆ ಕೇಳಲಿಲ್ಲ. ಅವಳ ಜನ್ಮದಲ್ಲೇ ಕೇಳದೆ ಬಿಟ್ಟ ಮೊದಲ ಪ್ರಶ್ನೆ ಅದು.

ಬಲಿಪಾಡ್ಯಮಿಯ ದಿನ ಅಂಗಡಿಗೆ ರಜ. ಬೆಳಿಗ್ಗೆ ಶಾಂತಲೆಗೆ ಥಟ್ಟನೆ ಒಂದು ಯೋಚನೆ ಬಂತು. ಬಾಣಲೆ ಬೋರಲು ಹಾಕಿದ ಮನೆಗೆ ಹಬ್ಬದ ತಿಂಡಿಯನ್ನು ಯಾರಾದರೂ ಒಯ್ದು ಕೊಡಬೇಕು. ಯಲಹಂಕಕ್ಕೆಲ್ಲ ಚಕ್ಕುಲಿ ಕರಿದವಳಿಗೆ ಚಕ್ಕುಲಿ ಕೊಡುವವರು ಯಾರು? ಅಂಗಡಿಯದನ್ನು ಕೊಟ್ಟರೆ ಅವಳು ಮಾಡಿದ್ದನ್ನು ಅವಳಿಗೇ ಕೊಟ್ಟ ಹಾಗೆ. ಶಾಂತಲೆ ಹುಟ್ಟಿದಮೇಲೆ ಮೊದಲ ಸಲ ಮನೆಯ ಒಲೆಯ ಮೇಲೆ ಚಕ್ಕುಲಿಗೆಂದು ತಾನೇ ಬಾಣಲೆ ಇಟ್ಟಳು. ಅರ್ಧ ಚಕ್ಕುಲಿ ಬಿಚ್ಚಿಕೊಂಡವು, ಕೆಲವು ಕಪ್ಪಗಾದವು. ಇದ್ದದ್ದರಲ್ಲಿ ದುಂಡಗಿದ್ದ ಹನ್ನೆರಡನ್ನು ದೇವರ ಮುಂದಿಟ್ಟು, ಡಬ್ಬಿಗೆ ಹಾಕಿಕೊಂಡು ಹೊರಟಳು.

ವರಲಕ್ಷ್ಮಮ್ಮನ ಮನೆ ಪುಟ್ಟೇನಹಳ್ಳಿ ಕೆರೆಯ ಹಿಂದಿನ ಬೀದಿಯಲ್ಲಿ. ಬಾಗಿಲಲ್ಲಿ ಗೂಡ್ಸ್ ಆಟೋ ನೀಲಿ ಟಾರ್ಪಾಲು ಹೊದ್ದು ನಿಂತಿತ್ತು. ಬೀದಿಯಲ್ಲೆಲ್ಲ ಪಟಾಕಿಯ ಕೆಂಪು ಕಾಗದ, ಆ ಮನೆಯ ಮುಂದೆ ಮಾತ್ರ ಗುಡಿಸಿದ ಬರೀ ನೆಲ. ವರಲಕ್ಷ್ಮಮ್ಮ ಹೊಸ್ತಿಲಲ್ಲಿ ಕೂತಿದ್ದಳು. ಡಬ್ಬಿ ನೋಡಿ, "ಇದ್ಯಾಕವ್ವ" ಎಂದಳು. ತೆರೆದು ನೋಡಿ, "ಇದು ದ್ರೌಪದಿ ಕೈಯಿನದಲ್ಲ" ಎಂದಳು.

"ನಾನು ಮಾಡಿದ್ದು. ದೇವರ ಮುಂದೆ ಇಡ್ಬೇಕಿತ್ತಲ್ಲ, ರುಚಿ ನೋಡಿಲ್ಲ."

ತಾನು ಕರಿದ ಚಕ್ಕುಲಿಯನ್ನು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ತಿಂದವಳಲ್ಲ ವರಲಕ್ಷ್ಮಮ್ಮ. ದಿನವಿಡೀ ಎಣ್ಣೆಯ ಮುಂದೆ ನಿಂತವರಿಗೆ ಆ ವಾಸನೆಯೇ ಬೇಡವಾಗಿರುತ್ತದೆ. ಈಗ ಒಂದನ್ನು ಎತ್ತಿಕೊಂಡು, ತಿರುಗಿಸಿ ಮುರುಗಿಸಿ ನೋಡಿ, ಒಂದು ತುಂಡು ಕಡಿದಳು. ಶಾಂತಲೆ ಅವಳ ಮುಖವನ್ನೇ ನೋಡುತ್ತಿದ್ದಳು. ಕಿಟಕಿಯ ಒಳಗೆ ನಿಂತು ಕಾಯುವುದು ಹೇಗಿರುತ್ತದೆಂದು ಅವಳಿಗೆ ಆಗ ತಿಳಿಯಿತು.

ವರಲಕ್ಷ್ಮಮ್ಮ ನಿಧಾನವಾಗಿ ಅಗಿದು ನುಂಗಿದಳು. ಟಾರ್ಪಾಲು ಹೊದ್ದ ಆಟೋದ ಕಡೆ ಒಮ್ಮೆ ನೋಡಿದಳು.

"ಇನ್ನೊಂದ್ ಚಿಟಿಕೆ," ಎಂದಳು.

ಆದರೆ ಉಳಿದದ್ದನ್ನು ಕೆಳಗಿಡಲಿಲ್ಲ, ಪೂರ್ತಿ ತಿಂದಳು.